ಮೆಷಿನ್‌ನಲ್ಲೇ ಹೊಲಿಗೆ ಕಾಣದ ಹಾಗೆ ಅಂಚು ಹೊಲಿಯೋದು ಹೇಗೆ?

ಪ್ಯಾಂಟಿನ ಕೆಳಗಿನ ಅಂಚನ್ನು ಮಡಿಸಿ ಹೊಲಿದರೆ ಹೊರಗಡೆ ಉದ್ದಕ್ಕೂ ಗೆರೆ ಕಾಣುತ್ತದೆ, ಕೈಯಲ್ಲಿ ಹೆಮ್ಮಿಂಗ್ ಮಾಡುವಷ್ಟು ತಾಳ್ಮೆ ಇಲ್ಲ, ಮೆಷಿನ್‌ನಲ್ಲಿ ಜಿಗ್‌ಜಾಗ್ ಇದೆ ಅಂತ ಕೇಳಿದ್ದೀರಿ. ಆಗುತ್ತದೆ. ಪೂರ್ತಿ ಮಾಯವಾಗುವುದಿಲ್ಲ, ಆದರೆ ಬಗ್ಗಿ ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣ ಚುಕ್ಕಿಗಳು ಉಳಿಯುತ್ತವೆ.

ಇದಕ್ಕೆ ಬ್ಲೈಂಡ್ ಹೆಮ್ ಅನ್ನುತ್ತಾರೆ. ಜಿಗ್‌ಜಾಗ್ ಇರುವ ಹೆಚ್ಚಿನ ಮೆಷಿನ್‌ಗಳಲ್ಲಿ ಈ ಹೊಲಿಗೆಯೂ ಇರುತ್ತದೆ. ಮೆಷಿನ್ ಮೇಲಿರುವ ಅದರ ಚಿತ್ರದಲ್ಲಿ ಕೆಲವು ನೇರ ಹೊಲಿಗೆ, ಆಮೇಲೆ ಎಡಕ್ಕೆ ಒಂದು ಚೂಪು ಮೂಲೆ, ಮತ್ತೆ ನೇರ ಹೊಲಿಗೆ ಕಾಣುತ್ತದೆ. ನೇರ ಹೊಲಿಗೆಗಳೆಲ್ಲ ಒಳಗಿನ ಪಟ್ಟಿಯ ಮೇಲೇ ಬೀಳುತ್ತವೆ. ಎಡಕ್ಕೆ ಹಾರುವ ಆ ಒಂದು ಹೊಲಿಗೆ ಮಾತ್ರ ಹೊರಗಿನ ಬಟ್ಟೆಯ ಒಂದೆರಡು ಎಳೆಯನ್ನು ಹಿಡಿದು ವಾಪಸ್ ಬರಬೇಕು. ನೇರ ಹೊಲಿಗೆ ಮಾತ್ರ ಬರುವ ಮೆಷಿನ್‌ನಲ್ಲಿ ಇದು ಆಗುವುದಿಲ್ಲ.

ಎಲ್ಲರೂ ಎಡವುವುದು ಮಡಿಕೆಯಲ್ಲಿ. ಮೊದಲು ಕತ್ತರಿಸಿದ ಅಂಚನ್ನು ಓವರ್‌ಲಾಕ್ ಮಾಡಿ (ಎಳೆ ಬಿಚ್ಚಿಕೊಳ್ಳದ ಹಾಗೆ ಅಂಚನ್ನು ಸುತ್ತಿ ಹೊಲಿಯುವುದು), ಇಲ್ಲವೇ ಅರ್ಧ ಸೆಂ.ಮೀ. ಒಳಗೆ ಮಡಿಸಿ ಇಸ್ತ್ರಿ ಹಾಕಿ. ಆಮೇಲೆ ಪ್ಯಾಂಟಿಗೆ ಬೇಕಾದ ಅಂಚು, 3 ಅಥವಾ 4 ಸೆಂ.ಮೀ., ಉಲ್ಟಾ ಕಡೆಗೆ ಮಡಿಸಿ ಇನ್ನೊಮ್ಮೆ ಗಟ್ಟಿಯಾಗಿ ಇಸ್ತ್ರಿ ಹಾಕಿ. ಇಲ್ಲಿಯವರೆಗೆ ಮಾಮೂಲಿ ಕೆಲಸವೇ. ಈಗ ಉಲ್ಟಾ ಕಡೆ ಮೇಲೆ ಇರುವಾಗಲೇ ಆ ಮಡಿಸಿದ ಪಟ್ಟಿಯನ್ನು ಪೂರ್ತಿ ಬಟ್ಟೆಯ ಅಡಿಗೆ ತಿರುಗಿಸಿ. ಪಟ್ಟಿಯ ಓವರ್‌ಲಾಕ್ ಆದ ತುದಿ ಮಾತ್ರ ಐದಾರು ಮಿ.ಮೀ.ನಷ್ಟು ಬಲಗಡೆಗೆ ಇಣುಕುತ್ತಿರಬೇಕು. ಮಕ್ಕಳು ಕಾಗದದ ಬೀಸಣಿಗೆ ಮಾಡುವಾಗ ಒಂದು ಸಲ ಆಚೆ, ಒಂದು ಸಲ ಈಚೆ ಮಡಿಸುತ್ತಾರಲ್ವಾ, ಅದೇ ಲೆಕ್ಕ. ಓದಿ ತಲೆ ತಿರುಗಿದರೆ ಒಂದು ಕಾಗದ ತಗೊಂಡು ಮಡಿಸಿ ನೋಡಿ, ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ.

ಫುಟ್, ಅಂದರೆ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ, ಅದನ್ನು ಬದಲಿಸಿ. ಬ್ಲೈಂಡ್ ಹೆಮ್ ಫುಟ್‌ನ ನಡುವೆ ಒಂದು ತೆಳ್ಳನೆ ತಗಡು ನಿಂತಿರುತ್ತದೆ. ಬಟ್ಟೆಯ ಮಡಿಕೆ ಅದಕ್ಕೆ ಎಡಗಡೆಯಿಂದ ಒರಗಿಕೊಂಡು ಸಾಗಬೇಕು, ಇಣುಕುವ ತುದಿ ಬಲಗಡೆ ಇರಬೇಕು. ಮಾಮೂಲಿ ಜಿಗ್‌ಜಾಗ್ ಫುಟ್‌ನಲ್ಲೂ ಹೊಲಿಯಬಹುದು, ಆದರೆ ಎರಡು ಕಾಲು ಮುಗಿಯುವಷ್ಟರಲ್ಲಿ ಕಣ್ಣು ಸೋಲುತ್ತದೆ.

ಈಗ ಮೋಟಾರ್ ಓಡಿಸಬೇಡಿ. ಕೈಚಕ್ರವನ್ನು ನಿಮ್ಮ ಕಡೆಗೆ ನಿಧಾನಕ್ಕೆ ತಿರುಗಿಸಿ. ಸೂಜಿ ಎಡಕ್ಕೆ ಹಾರಿದಾಗ ಎಲ್ಲಿ ಇಳಿಯುತ್ತದೆ ನೋಡಿ. ಮಡಿಕೆಯ ತುದಿಯನ್ನು ಸುಮ್ನೆ ಚುಚ್ಚಿ ಬಂದರೆ ಸರಿ. ತುಂಬಾ ಒಳಗೆ ಇಳಿದರೆ ಹೊಲಿಗೆಯ ಅಗಲ ಕಡಿಮೆ ಮಾಡಿ, ಅಥವಾ ಫುಟ್‌ನಲ್ಲಿ ತಿರುಪು ಇದ್ದರೆ ತಗಡನ್ನು ಸ್ವಲ್ಪ ಎಡಕ್ಕೆ ಸರಿಸಿ. ಮಡಿಕೆಗೆ ತಾಗದೇ ಹೋದರೆ ಅಗಲ ಜಾಸ್ತಿ ಮಾಡಿ, ಅಥವಾ ತಗಡನ್ನು ಬಲಕ್ಕೆ ಸರಿಸಿ. ಇದನ್ನು ಅದೇ ಪ್ಯಾಂಟಿನಿಂದ ಕತ್ತರಿಸಿದ ತುಂಡಿನಲ್ಲೇ ನೋಡಬೇಕು. ಬೇರೆ ದಪ್ಪದ ಬಟ್ಟೆಯಲ್ಲಿ ಕೂಡಿಸಿದ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನಾನು ಮೊದಲ ಸಲ ಈ ತುಂಡಿನ ಕೆಲಸ ಬಿಟ್ಟು ನೇರವಾಗಿ ಒಂದು ಕಡುನೀಲಿ ಸ್ಕರ್ಟ್‌ಗೆ ಕೈ ಹಾಕಿದೆ. ತೆಳು, ನುಣ್ಣನೆ, ಒಂದೇ ಬಣ್ಣದ ಬಟ್ಟೆ, ಅಂದರೆ ತಪ್ಪನ್ನು ಸ್ವಲ್ಪವೂ ಮುಚ್ಚದ ಬಟ್ಟೆ. ಒಂದೇ ಉಸಿರಿಗೆ ಸುತ್ತ ಹೊಲಿದು ಸೀದಾ ಕಡೆ ತಿರುಗಿಸಿದರೆ ಕೆಳಗೆ ಇರುವೆ ಸಾಲು ಹೊರಟ ಹಾಗೆ ಚುಕ್ಕಿಗಳು! ಬಿಚ್ಚಲು ಇಡೀ ಸಂಜೆ ಹೋಯಿತು. ಬಿಚ್ಚಿದ ಮೇಲೂ ಸೂಜಿ ತೂತುಗಳು ಉಳಿದವು. ಅದಕ್ಕೇ ಮೊದಲ ಪ್ರಯತ್ನಕ್ಕೆ ಪ್ರಿಂಟ್ ಇರುವ, ಇಲ್ಲವೇ ಸ್ವಲ್ಪ ಒರಟು ನೇಯ್ಗೆಯ ಬಟ್ಟೆ ತಗೊಳ್ಳಿ.

ಸೂಜಿ ಸಣ್ಣದಿರಲಿ, ತೆಳು ಬಟ್ಟೆಗೆ 11 ನಂಬರ್ ಸಾಕು. ದಾರದ ಬಣ್ಣ ಪೂರ್ತಿ ಹೊಂದದಿದ್ದರೆ ಬಟ್ಟೆಗಿಂತ ಒಂದು ಛಾಯೆ ಗಾಢವಾದದ್ದು ಆರಿಸಿ, ತಿಳಿ ದಾರ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ. ಮೇಲಿನ ದಾರದ ಟೆನ್ಷನ್ ಒಂದು ಗೆರೆ ಸಡಿಲ ಮಾಡಿ. ಬಿಗಿಯಾಗಿದ್ದರೆ ಹೊರಗಡೆ ಪ್ರತಿ ಚುಕ್ಕಿಯಲ್ಲೂ ಸಣ್ಣ ಗುಳಿ ಬೀಳುತ್ತದೆ. ಟೀ ಶರ್ಟ್ ತರಹದ ಹಿಗ್ಗುವ ಬಟ್ಟೆಯಾದರೆ ನೇರ ಹೊಲಿಗೆಯ ಬದಲು ಪುಟ್ಟ ಜಿಗ್‌ಜಾಗ್ ಇರುವ ಬ್ಲೈಂಡ್ ಹೆಮ್ ಆರಿಸಿ, ಇಲ್ಲದಿದ್ದರೆ ಎಳೆದಾಗ ದಾರ ಕಡಿಯುತ್ತದೆ.

ಹೊಲಿಯುವಾಗ ಸೂಜಿಯನ್ನು ನೋಡಬೇಡಿ, ಮಡಿಕೆ ತಗಡಿಗೆ ಒರಗಿದೆಯೋ ಇಲ್ಲವೋ ಅದನ್ನೇ ನೋಡಿ. ಕಾಲಿನ ಪಕ್ಕದ ಜೋಡು ಹೊಲಿಗೆ ಬಂದಾಗ ಅಲ್ಲಿ ದಪ್ಪ ಜಾಸ್ತಿ, ಮಡಿಕೆ ಜಾರುತ್ತದೆ. ಆ ನಾಲ್ಕೈದು ಹೊಲಿಗೆಯನ್ನು ಕೈಚಕ್ರದಲ್ಲೇ ದಾಟಿಸಿ. ಮುಗಿದ ಮೇಲೆ ಪಟ್ಟಿಯನ್ನು ಬಿಡಿಸಿ ಕೆಳಕ್ಕೆ ಮಲಗಿಸಿ, ಉಲ್ಟಾ ಕಡೆಯಿಂದ ಇಸ್ತ್ರಿಯನ್ನು ಉಜ್ಜದೆ ಒತ್ತಿ ಒತ್ತಿ ಎತ್ತಿ.

ಅಂದಹಾಗೆ, ನಿಮ್ಮದು ಜೀನ್ಸ್ ಪ್ಯಾಂಟ್ ಆಗಿದ್ದರೆ ಇದ್ಯಾವುದೂ ಬೇಡ. ಅದರಲ್ಲಿ ಹೊಲಿಗೆ ಕಂಡರೇ ಚಂದ.