ಚೇರ್‌ಲಿಫ್ಟ್‌ನಲ್ಲಿ ರಾತ್ರಿಯಿಡೀ ಸಿಕ್ಕಿಕೊಳ್ಳುವುದು ಸಿನಿಮಾದಲ್ಲಿ ಮಾತ್ರವಾ?

ಹಿಮದ ಬೆಟ್ಟದ ಚೇರ್‌ಲಿಫ್ಟ್‌ನಲ್ಲಿ, ಅಂದರೆ ತಂತಿಯಲ್ಲಿ ತೂಗುತ್ತಾ ಮೇಲೇರುವ ತೆರೆದ ಕುರ್ಚಿಯಲ್ಲಿ, ಮೂವರು ಸಿಕ್ಕಿಕೊಳ್ಳುವ 2010ರ ‘ಫ್ರೋಜನ್’ ಸಿನಿಮಾ ನೋಡಿ ಕೇಳಿದ್ದೀರಿ ಅಲ್ವಾ? ತೀರಾ ಅಪರೂಪ, ಆದರೆ ಸುಮ್ನೆ ಕಟ್ಟಿದ ಕಥೆಯಲ್ಲ. 2024ರ ಜನವರಿಯಲ್ಲಿ ಅಮೆರಿಕದ ಹೆವನ್ಲಿ ಸ್ಕೀ ರೆಸಾರ್ಟ್‌ನಲ್ಲಿ ಒಬ್ಬ ಮಹಿಳೆ ನಿಂತುಹೋದ ಗೊಂಡೊಲಾದಲ್ಲಿ ಸುಮಾರು 15 ಗಂಟೆ ಕಳೆದರು. ಅದು ಮುಚ್ಚಿದ ಕ್ಯಾಬಿನ್. ತೆರೆದ ಕುರ್ಚಿಯಾಗಿದ್ದರೆ ಜೀವಕ್ಕೇ ಅಪಾಯವಿತ್ತು.

ಮೋಟರ್ ಕೆಟ್ಟರೆ ಸಾಮಾನ್ಯವಾಗಿ ಬದಲಿ ಎಂಜಿನ್ ಇರುತ್ತದೆ. ಅದೂ ಕೈಕೊಟ್ಟರೆ ಹಗ್ಗದಲ್ಲಿ ಇಳಿಸುತ್ತಾರೆ. ಸಿನಿಮಾದಲ್ಲಿ ತೋರಿಸಿದಂತೆ ತೋಳಗಳು ಕಾದು ಕೂತು ತಿನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಜಾಸ್ತಿ ಹೆದರಬೇಕಾದ್ದು ಗಾಳಿಗೆ. ಶಿವಮೊಗ್ಗದವರಿಗೆ ಹಿಮ ಹೊಸದು, ಆದರೆ ಮಳೆಗಾಲದ ಕೊಡಚಾದ್ರಿ ತುದಿಯಲ್ಲಿ ನೆಂದು ನಿಂತರೆ ಬೆರಳು ಮರಗಟ್ಟಿ ಜರ್ಕಿನ್ ಜಿಪ್ ಎಳೆಯುವುದೂ ಕಷ್ಟ. ಸಿಕ್ಕಿಕೊಂಡರೆ ದಯವಿಟ್ಟು ಜಿಗಿಯಬೇಡಿ. ಫೋನ್ ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.