ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ತಮ್ಮನ ವಸಡು ಊದಿದೆ, ಮಂಗಳೂರಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ?

ನಿಮ್ಮ ತಮ್ಮನಿಗೆ 22 ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ), ವಸಡು ಬೆಳೆದು ಮುಂದಿನ ಹಲ್ಲುಗಳನ್ನು ಅರ್ಧ ಮುಚ್ಚಿದೆ, ಹತ್ತಿರದ ಕ್ಲಿನಿಕ್‌ನವರು ತಮ್ಮಿಂದಾಗದು ಎಂದರು ಎಂದು ಬರೆದಿದ್ದೀರಿ. ನಾನು ದಂತವೈದ್ಯನಲ್ಲ. ನನ್ನ ಅಣ್ಣನಿಗೂ ಇದೇ ತೊಂದರೆ ಇರುವುದರಿಂದ ಉತ್ತರಿಸುತ್ತಿದ್ದೇನೆ.

ಮೊದಲು ಮಾತ್ರೆಯ ಸ್ಟ್ರಿಪ್ ಮೇಲೆ ಔಷಧದ ಹೆಸರು ಏನು ಬರೆದಿದೆ ನೋಡಿ. ಫೆನಿಟಾಯಿನ್ ಎಂದಿದ್ದರೆ ವಸಡು ಬೆಳೆಯಲು ಅದೇ ಕಾರಣವಿರಬಹುದು. ಹಲ್ಲಿನ ಬುಡದಲ್ಲಿ ಕೊಳೆ ನಿಂತಷ್ಟೂ ಬೆಳವಣಿಗೆ ಜಾಸ್ತಿ. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಒಂದರ ಹಿಂದೊಂದು ಬಂದೀತು. ಬದಲಾಯಿಸುವುದೋ ಬೇಡವೋ ಎಂಬುದನ್ನು ನರರೋಗ ತಜ್ಞರು ಹೇಳಬೇಕು. ಹೆಚ್ಚಾದ ವಸಡನ್ನು ಕತ್ತರಿಸಿ ತೆಗೆಯುತ್ತಾರೆ, ಆದರೆ ಮಾತ್ರೆ ಅದೇ ಇದ್ದು ಹಲ್ಲುಜ್ಜುವುದೂ ಸುಧಾರಿಸದಿದ್ದರೆ ಮತ್ತೆ ಬೆಳೆಯುತ್ತದೆ.

ಎಲ್ಲಿಗೆ ಎಂದರೆ, ದಂತ ಕಾಲೇಜಿಗೆ. ನಮ್ಮೂರಿನಲ್ಲಿ ಅವಕ್ಕೇನೂ ಬರವಿಲ್ಲ: ಲೈಟ್‌ಹೌಸ್ ಹಿಲ್‌ನಲ್ಲಿ ಮಣಿಪಾಲದವರದು, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಕುಂಟಿಕಾನದಲ್ಲಿ ಎ.ಜೆ. ಒಳಗೆ ಹೋಗಿ ಪೀಡೋಡಾಂಟಿಕ್ಸ್, ಅಂದರೆ ಮಕ್ಕಳ ದಂತ ವಿಭಾಗವನ್ನು ಕೇಳಿ. ಮೀಸೆ ಬಂದ ಹುಡುಗನನ್ನು ಅಲ್ಲಿಗೇಕೆ ಎಂದು ಸಂಕೋಚಪಡಬೇಡಿ. ಇಂತಹವರ ಬಾಯಿಯ ಆರೈಕೆಯನ್ನು ಹೆಚ್ಚಾಗಿ ಕಲಿತಿರುವುದು ಆ ವಿಭಾಗದವರೇ. ನಮ್ಮಣ್ಣ ಗೊಂಬೆ ಚಿತ್ರಗಳ ಗೋಡೆಯ ಕೆಳಗೆ ಮೂವತ್ತನೇ ವಯಸ್ಸಿನಲ್ಲಿ ಕುಳಿತಿದ್ದ, ಖುಷಿಯಾಗಿಯೇ.

ನಾವು ಹೋದದ್ದು ಮಾತ್ರ ತಡವಾಗಿ. ಒಂದು ವಾರ ಅವನು ಗಂಜಿಯ ಬಟ್ಟಲನ್ನು ದೂಡುತ್ತಿದ್ದ, ಎಡಗೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಅಮ್ಮ ಹಠ ಎಂದಳು, ನಾನೂ ಹೌದೆಂದೆ. ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿತ್ತು. ಮಾತು ಬಾರದವರ ಹಲ್ಲುನೋವು ಹಠದ ಹಾಗೆಯೇ ಕಾಣುತ್ತದೆ. ಊಟ, ನಿದ್ದೆ, ಸಿಟ್ಟು, ಇವುಗಳಲ್ಲಿ ಯಾವುದು ಬದಲಾದರೂ ಅಂದೇ ಟಾರ್ಚ್ ಹಿಡಿದು ಬಾಯಿಯೊಳಗೆ ನೋಡಿ.

ಅವನನ್ನು ಪೂರ್ತಿ ಅರಿವಳಿಕೆಯಲ್ಲಿ ಮಲಗಿಸಿ, ಕೀಳುವುದನ್ನು ಕಿತ್ತು, ತುಂಬುವುದನ್ನು ತುಂಬಿ, ಎಲ್ಲವನ್ನೂ ಒಂದೇ ದಿನ ಮುಗಿಸಿದರು. ನಿಮ್ಮ ತಮ್ಮನಿಗೂ ಹಾಗೆ ಮಾಡಬೇಕೆಂದೇನಿಲ್ಲ, ಕೆಲವರು ನಾಲ್ಕು ಭೇಟಿಗಳಲ್ಲಿ ಕುರ್ಚಿಗೆ ಒಗ್ಗಿಕೊಳ್ಳುತ್ತಾರೆ. ಅರಿವಳಿಕೆಯೇ ಆದರೆ ಅಂದು ಹೊಟ್ಟೆ ಖಾಲಿಯಿರಬೇಕು. ಆದರೆ ಬೆಳಗಿನ ಫಿಟ್ಸ್ ಮಾತ್ರೆಯ ವಿಷಯವನ್ನು ಅರಿವಳಿಕೆ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ. ಉಪವಾಸ ಎಂದು ಅದನ್ನೂ ತಪ್ಪಿಸಿಬಿಡುವವರಿದ್ದಾರೆ.

ಮನೆಯಲ್ಲಿ ಹಲ್ಲುಜ್ಜುವಾಗ ಎದುರು ನಿಲ್ಲಬೇಡಿ. ತಗ್ಗು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಅವನ ತಲೆಯನ್ನು ನಿಮ್ಮ ಹೊಟ್ಟೆಗೆ ಒರಗಿಸಿಕೊಳ್ಳಿ. ಉಗುಳಲು ಬಾರದಿದ್ದರೆ ಫ್ಲೋರೈಡ್ ಪೇಸ್ಟ್ ತೆಳ್ಳಗೆ ಸವರಿದಷ್ಟೇ ಸಾಕು, ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಅವನು ತಟ್ಟನೆ ಕಚ್ಚುವುದು ಹಟಕ್ಕಲ್ಲ, ಸ್ನಾಯು ಬಿಗಿಯುವುದರಿಂದ. ಹಲ್ಲಿನ ನಡುವೆ ಬೆರಳಿಡಬೇಡಿ, ಮಡಚಿದ ದಪ್ಪ ಬಟ್ಟೆಯಿಡಿ. ನನ್ನ ತೋರುಬೆರಳಿನಲ್ಲಿ ಇನ್ನೂ ಗುರುತಿದೆ.

ಹೋಗುವಾಗ ಮಾತ್ರೆಗಳ ಪಟ್ಟಿ, ಹಳೆಯ ಕಡತ, ಅವನ ಬ್ರಷ್ ಜೊತೆಗಿರಲಿ. ಮನೆಮಾತು ಯಾವುದೆಂದೂ ಹೇಳಿ. ಅಣ್ಣನಿಗೆ ತುಳು ಬಿಟ್ಟರೆ ಬೇರೆ ತಿಳಿಯದು. ಬಂದಿದ್ದ ಕಿರಿಯ ವೈದ್ಯೆ ಕೇರಳದವಳು, ಮೂರು ಭಾಷೆಗಳಲ್ಲಿ ಬಾಯಿ ತೆರೆಯಲು ಹೇಳಿ ಸೋತಳು. ಕೊನೆಗೆ ನನ್ನಿಂದ ತುಳುವಿನ 'ಆ ಮಲ್ಪು' (ಆ ಮಾಡು) ಎನ್ನುವುದನ್ನು ಕಲಿತಳು. ಈಗ ಆರು ತಿಂಗಳಿಗೊಮ್ಮೆ ಹೋದಾಗ ಅವಳು ಹೇಳುವ ಮೊದಲೇ ಅವನು ಬಾಯಿ ತೆರೆದು ಕುಳಿತಿರುತ್ತಾನೆ.