ಗಾಜು ಏರಿಸಿದ್ದರೂ ಒಂದೇ ಕೆನ್ನೆ ಕಪ್ಪಾಗಿದೆ, ಏಕೆ?

ಪ್ರಶ್ನೆ: ನನಗೆ 41 ವರ್ಷ. 14 ವರ್ಷಗಳಿಂದ ಡೆಲಿವರಿ ವ್ಯಾನ್ ಓಡಿಸುತ್ತಿದ್ದೇನೆ. ಎಸಿ ಹಾಕಿ ಗಾಜು ಏರಿಸಿಕೊಂಡೇ ಇರುತ್ತೇನೆ, ಬಿಸಿಲಿನ ಝಳ ತಾಗುವುದೇ ಇಲ್ಲ. ಆದರೂ ಕಿಟಕಿ ಕಡೆಯ ಕೆನ್ನೆ, ತೋಳು ಮಾತ್ರ ಕಪ್ಪಾಗಿ ಸುಕ್ಕುಗಟ್ಟಿವೆ. ಬೆಳಿಗ್ಗೆ ಒಮ್ಮೆ ಸನ್‌ಸ್ಕ್ರೀನ್ ಹಚ್ಚಿದರೆ ಸಾಕೇ? ಅದರಿಂದ ವಿಟಮಿನ್ ಡಿ ಕಡಿಮೆಯಾಗುತ್ತದಂತೆ, ನಿಜವೇ?

ಉತ್ತರ: ಝಳ ತಾಗುವುದಿಲ್ಲ ಎಂದು ಬರೆದಿದ್ದೀರಿ. ನನ್ನ ಬಳಿ ಬರುವ ಹೆಚ್ಚಿನವರು ನಂಬಿರುವುದೂ ಅದನ್ನೇ. ಆದರೆ ಚರ್ಮವನ್ನು ಕೆಡಿಸುವುದು ಬಿಸಿಲಿನ ಬಿಸಿಯಲ್ಲ, ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣ. ನಮ್ಮನ್ನು ತಲುಪುವ ಆ ಕಿರಣಗಳಲ್ಲಿ ಎರಡು ಬಗೆ. ಚರ್ಮವನ್ನು ಸುಟ್ಟು ಕೆಂಪಾಗಿಸುವ ಯುವಿ-ಬಿಯನ್ನು ಗಾಜು ಬಹುಪಾಲು ತಡೆಯುತ್ತದೆ. ಯುವಿ-ಎ ಹಾಗಲ್ಲ. ಅದು ಗಾಜನ್ನೂ ಮೋಡವನ್ನೂ ದಾಟಿ, ಚರ್ಮದ ಒಳಪದರಕ್ಕಿಳಿದು, ಬಿಗಿ ಕೊಡುವ ಕೊಲಾಜನ್ ಎಳೆಗಳನ್ನು ವರ್ಷಗಟ್ಟಲೆ ಸವೆಸುತ್ತದೆ. ಉರಿಯಿಲ್ಲದ ಕಾರಣ ನಿಮಗೆ ಗೊತ್ತೇ ಆಗುವುದಿಲ್ಲ. ವಾಹನದ ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಅದು ಯುವಿ-ಎಯನ್ನೂ ತಡೆಯುತ್ತದೆ. ಪಕ್ಕದ ಗಾಜಿಗೆ ಸಾಮಾನ್ಯವಾಗಿ ಆ ಪದರ ಇರುವುದಿಲ್ಲ. ಒಂದೇ ಕೆನ್ನೆ ಕಪ್ಪಾಗಿರುವುದು ಅದಕ್ಕೆ. 28 ವರ್ಷ ಲಾರಿ ಓಡಿಸಿದ ಒಬ್ಬರ ಮುಖದ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಕಿಟಕಿ ಕಡೆಯ ಅರ್ಧ ಮುಖ ಇನ್ನರ್ಧಕ್ಕಿಂತ ಎಷ್ಟೋ ವರ್ಷ ಮುದಿಯಾದಂತಿತ್ತು.

ಬೆಳಿಗ್ಗೆ ಒಮ್ಮೆ ಹಚ್ಚಿದರೆ ಸಾಲದು. ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಹೇಳುವ ಅಂಕಿ, ಎಸ್‌ಪಿಎಫ್, 30ಕ್ಕೆ ಕಡಿಮೆ ಇಲ್ಲದ್ದು ಕೊಳ್ಳಿ. ಆದರೆ ಆ ಅಂಕಿ ಮುಖ್ಯವಾಗಿ ಯುವಿ-ಬಿಯ ಲೆಕ್ಕ. ನಿಮಗೆ ಬೇಕಾದದ್ದು ಯುವಿ-ಎ ತಡೆ, ಅದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ, ಕುತ್ತಿಗೆಗೆ ಬೇಕು. ಬಹಳ ಜನ ಅದರ ಅರ್ಧವನ್ನೂ ಹಚ್ಚುವುದಿಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನಾನಾದರೆ ಕ್ರೀಮಿಗಿಂತ ಬಟ್ಟೆಯನ್ನೇ ಹೆಚ್ಚು ನಂಬುತ್ತೇನೆ: ಒತ್ತಾಗಿ ನೇಯ್ದ ತುಂಬುತೋಳಿನ ಅಂಗಿಗೆ ಎರಡು ಗಂಟೆಯ ಗಡುವಿಲ್ಲ.

ವಿಟಮಿನ್ ಡಿ ಆಗಲು ಬೇಕಾದದ್ದು ಯುವಿ-ಬಿ. ಮುಚ್ಚಿದ ಗಾಜಿನೊಳಗೆ ಅದು ನಿಮಗೆ ಈಗಲೂ ಸಿಗುತ್ತಿಲ್ಲ, ಕ್ರೀಮ್ ಬಿಟ್ಟು ಪ್ರಯೋಜನವಿಲ್ಲ. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ನನ್ನ ತಂದೆ ಭೂಮಾಪಕರಾಗಿದ್ದರು. ಸದಾ ಟೋಪಿ ಹಾಕುತ್ತಿದ್ದರು, ಮುಂದೆ ಮಾತ್ರ ಅಂಚಿದ್ದ ಟೋಪಿ. ಕಿವಿಯ ಮೇಲಂಚಿನಲ್ಲಿ ಕಡಲೆಬೇಳೆಯಷ್ಟು ಒರಟು ಹೊಪ್ಪಳೆ ಎದ್ದಿತು. ಉದುರುವುದು, ಮತ್ತೆ ಕಟ್ಟುವುದು. ಒಂದು ವರ್ಷ ಎಣ್ಣೆ ಸವರಿಕೊಂಡಿದ್ದರು. ಚರ್ಮವೈದ್ಯನಾದ ಮಗನಿಗೆ ತೋರಿಸಬೇಕೆಂದು ಅವರಿಗೆ ಅನಿಸಲಿಲ್ಲ, ನಾನೂ ಗಮನಿಸಿರಲಿಲ್ಲ. ಅದು ಕ್ಯಾನ್ಸರ್ ಆಗಿತ್ತು. ಕಿವಿಯ ಅಂಚನ್ನು ಕತ್ತರಿಸಿ ತೆಗೆಯಬೇಕಾಯಿತು; ಉಳಿದರು. ಕಿಟಕಿ ಕಡೆಯ ಕಿವಿ, ಮೂಗು, ತುಟಿಯನ್ನು ಇವತ್ತೇ ಕನ್ನಡಿಯಲ್ಲಿ ನೋಡಿಕೊಳ್ಳಿ. ನಾಲ್ಕು ವಾರವಾದರೂ ಮಾಯದ ಗಾಯ, ಬಣ್ಣವೋ ಅಂಚೋ ಬದಲಾಗುತ್ತಿರುವ ಮಚ್ಚೆ ಕಂಡರೆ ಚರ್ಮವೈದ್ಯರಿಗೆ ತೋರಿಸಿ, ಎಣ್ಣೆ ಸವರಬೇಡಿ.